ಜಠರ ಹಾಗೂ ಅನ್ನನಾಳದ ಶಸ್ತ್ರಚಿಕಿತ್ಸೆಯ ನಂತರದ ಆಹಾರ ಕ್ರಮ: ರೋಗಿಗಳಿಗೆ ಮತ್ತು ಮನೆಯವರಿಗೆ ಮಾಹಿತಿ

ಜಠರ ಅಥವಾ ಅನ್ನನಾಳದ ಶಸ್ತ್ರಚಿಕಿತ್ಸೆಗೆ ಒಳಗಾಗಿ ಮನೆಗೆ ಮರಳಿರುವ ರೋಗಿಗಳಿಗೂ, ಅವರಿಗೆ ಅಡುಗೆ ಮಾಡಿ ಬಡಿಸುವ ಮನೆಯವರಿಗೂ ಉಪಯುಕ್ತವಾಗಲೆಂದು ಈ ಮಾಹಿತಿಯನ್ನು ಒದಗಿಸಲಾಗಿದೆ. ಕ್ಯಾನ್ಸರ್, ವಾಸಿಯಾಗದ ಹುಣ್ಣು, ಜಠರದಲ್ಲಿ ರಂಧ್ರ ಬೀಳುವುದು, ಆಸಿಡ್‌ನಂತಹ ಸುಡುವ ದ್ರವದ ಸೇವನೆಯಿಂದ ಅನ್ನನಾಳವು ಮುಚ್ಚಿಕೊಳ್ಳುವುದು ಮುಂತಾದ ಕಾರಣಗಳಿಗಾಗಿ ಈ ಶಸ್ತ್ರಚಿಕಿತ್ಸೆಗಳನ್ನು ಕೈಗೊಳ್ಳಲಾಗುತ್ತದೆ. ತೂಕ ಇಳಿಸುವ ಉದ್ದೇಶದಿಂದ ಮಾಡುವ ಜಠರದ ಶಸ್ತ್ರಚಿಕಿತ್ಸೆಯ ಆಹಾರ ಕ್ರಮವು ಬೇರೆಯಾಗಿದ್ದು, ಅದು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಇಲ್ಲಿ ತಿಳಿಸಿರುವುದು ಸಾಮಾನ್ಯ ಮಾರ್ಗದರ್ಶನವಾಗಿದ್ದು, ತಮಗೆ ಚಿಕಿತ್ಸೆ ನೀಡಿದ ಶಸ್ತ್ರವೈದ್ಯರು ಅಥವಾ ಆಹಾರ ತಜ್ಞರು ಬೇರೆ ಸೂಚನೆ ನೀಡಿದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು.

ಹಸಿವೆಯನ್ನು ಕಾಯಬಾರದು

ಶಸ್ತ್ರಚಿಕಿತ್ಸೆಯಾದ ಹಲವು ತಿಂಗಳವರೆಗೆ ಹೆಚ್ಚಿನ ರೋಗಿಗಳಿಗೆ ಹಸಿವೆಯೇ ಆಗುವುದಿಲ್ಲ. ಎರಡು ತುತ್ತು ತಿಂದರೆ ಹೊಟ್ಟೆ ತುಂಬಿದಂತಾಗುತ್ತದೆ. ಮನೆಯವರು ಇದನ್ನು ಹಠವೆಂದೋ, ಬೇಸರವೆಂದೋ, ಧೈರ್ಯಗೆಟ್ಟ ಲಕ್ಷಣವೆಂದೋ ಭಾವಿಸುವುದುಂಟು. ವಾಸ್ತವದಲ್ಲಿ ಇದಕ್ಕೆ ದೈಹಿಕ ಕಾರಣವಿದೆ. ಹಸಿವೆಯನ್ನು ಉಂಟುಮಾಡುವ ಘ್ರೆಲಿನ್ ಎಂಬ ಹಾರ್ಮೋನು ಬಹುಪಾಲು ಜಠರದಲ್ಲಿಯೇ ಉತ್ಪತ್ತಿಯಾಗುತ್ತದೆ. ಜಠರವನ್ನು ತೆಗೆದಾಗ ಆ ಹಾರ್ಮೋನಿನ ಪ್ರಮಾಣವೂ ಕುಸಿಯುತ್ತದೆ. ಅನ್ನನಾಳದ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಜಠರವನ್ನೇ ಕೊಳವೆಯಂತೆ ರೂಪಿಸಿ ಎದೆಯ ಭಾಗಕ್ಕೆ ಎಳೆದು ಅನ್ನನಾಳದ ಉಳಿದ ಭಾಗಕ್ಕೆ ಜೋಡಿಸಲಾಗುತ್ತದೆ. ಆಗ ಜಠರಕ್ಕೆ ಹೋಗುವ ವೇಗಸ್ ನರವನ್ನೂ ಕತ್ತರಿಸಬೇಕಾಗುವುದರಿಂದ ಆಹಾರವು ಕೆಳಗಿಳಿಯುವ ಗತಿಯೇ ಬದಲಾಗುತ್ತದೆ.

ಆದ್ದರಿಂದ ರೋಗಿಯು ಹಸಿವೆಯನ್ನು ಕಾಯದೆ ಗಡಿಯಾರವನ್ನು ನೋಡಿ ಆಹಾರ ಸೇವಿಸತಕ್ಕದ್ದು. ಎರಡು ಅಥವಾ ಎರಡೂವರೆ ಗಂಟೆಗೊಮ್ಮೆ, ದಿನಕ್ಕೆ ಆರರಿಂದ ಎಂಟು ಬಾರಿ, ಪ್ರಾರಂಭದಲ್ಲಿ ಪ್ರತಿ ಬಾರಿ ಸುಮಾರು ಅರ್ಧ ಬಟ್ಟಲಿನಷ್ಟು ಸಾಕು. ಊಟದ ತಟ್ಟೆಯ ಬದಲು ಚಿಕ್ಕ ಬಟ್ಟಲನ್ನು ಬಳಸುವುದು ಉತ್ತಮ. ತುಂಬಿದ ತಟ್ಟೆಯನ್ನು ಕಂಡೊಡನೆಯೇ ರೋಗಿಯ ಮನಸ್ಸು ಹಿಂದೆಗೆಯುತ್ತದೆ. "ಇನ್ನೊಂದು ತುತ್ತು" ಎಂದು ಪ್ರೀತಿಯಿಂದ ಒತ್ತಾಯಿಸುವುದು ನಮ್ಮ ಮನೆಗಳ ವಾಡಿಕೆ. ಈ ರೋಗಿಗಳಲ್ಲಿ ಆ ಒಂದು ತುತ್ತೇ ವಾಂತಿಗೆ, ಎದೆ ಬಿಗಿತಕ್ಕೆ ಕಾರಣವಾಗಬಹುದು. ಹೊಟ್ಟೆ ತುಂಬಿತೆಂದು ರೋಗಿಯು ಹೇಳಿದಾಗ ಬಟ್ಟಲನ್ನು ಮುಚ್ಚಿಟ್ಟು, ಎರಡು ಗಂಟೆಯ ನಂತರ ಮತ್ತೆ ಕೊಡಬೇಕು. ಆದರೆ ಆ ಮುಂದಿನ ಸರದಿಯನ್ನು ಮಾತ್ರ ತಪ್ಪಿಸಬಾರದು.

ಜಠರವಿಲ್ಲದೆ ಮನುಷ್ಯ ಬದುಕಲು ಸಾಧ್ಯವೇ ಎಂಬ ಆತಂಕ ಹಲವರಲ್ಲಿದೆ. ಸಾಧ್ಯ. 1897ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಕಾರ್ಲ್ ಷ್ಲಾಟರ್ ಎಂಬ ಶಸ್ತ್ರವೈದ್ಯರು ಸಂಪೂರ್ಣ ಜಠರವನ್ನು ತೆಗೆದು ಅನ್ನನಾಳವನ್ನು ಸಣ್ಣ ಕರುಳಿಗೆ ಜೋಡಿಸುವುದರಲ್ಲಿ ಯಶಸ್ವಿಯಾದರು. ಅಂದಿನಿಂದ ಈ ಶಸ್ತ್ರಚಿಕಿತ್ಸೆಯು ಬಹಳಷ್ಟು ಸುಧಾರಿಸಿದೆ. ಆಹಾರ ಜೀರ್ಣವಾಗುವ ಹಾಗೂ ರಕ್ತಕ್ಕೆ ಸೇರುವ ಕೆಲಸದ ಬಹುಪಾಲು ನಡೆಯುವುದು ಸಣ್ಣ ಕರುಳಿನಲ್ಲಿ. ಜಠರದ ಮುಖ್ಯ ಕೆಲಸ ಆಹಾರವನ್ನು ಸಂಗ್ರಹಿಸಿ, ಅರೆದು, ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಬಿಡುವುದು. ಇನ್ನು ಮುಂದೆ ಆ ಕೆಲಸವನ್ನು ಹಲ್ಲು ಮತ್ತು ಗಡಿಯಾರ ಮಾಡಬೇಕಾಗುತ್ತದೆ. ಪ್ರತಿ ತುತ್ತನ್ನು 20ರಿಂದ 30 ಬಾರಿ ಅಗಿದು, ಒಂದು ಬಟ್ಟಲಿಗೆ ಕನಿಷ್ಠ 20 ನಿಮಿಷ ತೆಗೆದುಕೊಂಡು ನಿಧಾನವಾಗಿ ನುಂಗಬೇಕು. ಹಲ್ಲಿಲ್ಲದ ವೃದ್ಧರಿಗೆ ಆಹಾರವನ್ನು ಕಿವುಚಿ ಅಥವಾ ಮಿಕ್ಸಿಯಲ್ಲಿ ಅರೆದು ಕೊಡತಕ್ಕದ್ದು.

ಗಂಜಿಯಿಂದ ಅನ್ನದವರೆಗೆ

ಆಸ್ಪತ್ರೆಯಲ್ಲಿ ಮೊದಲು ಗುಟುಕು ನೀರು, ನಂತರ ತಿಳಿ ದ್ರವ, ಬಳಿಕ ಗಟ್ಟಿ ದ್ರವ, ಆಮೇಲೆ ಮೆದು ಆಹಾರ ಎಂಬ ಕ್ರಮದಲ್ಲಿ ಆಹಾರವನ್ನು ಹೆಚ್ಚಿಸಲಾಗುತ್ತದೆ. ಮನೆಗೆ ಬಂದ ನಂತರದ ನಾಲ್ಕರಿಂದ ಆರು ವಾರಗಳನ್ನು ಸಾಮಾನ್ಯವಾಗಿ ಮೆದು ಆಹಾರದಲ್ಲಿ ಕಳೆಯಬೇಕಾಗುತ್ತದೆ. ಹಂತ ಬದಲಾಯಿಸುವ ದಿನವನ್ನು ವೈದ್ಯರು ನಿರ್ಧರಿಸುತ್ತಾರೆ.

ಬಹಳಷ್ಟು ಮನೆಗಳಲ್ಲಿ ಆಗುವ ಒಂದು ತಪ್ಪನ್ನು ಇಲ್ಲಿ ವಿಶೇಷವಾಗಿ ಗಮನಕ್ಕೆ ತರಲಾಗಿದೆ. ಹೊಟ್ಟೆ ಕೊಯ್ದವರಿಗೆ ಪಥ್ಯವಿರಬೇಕೆಂಬ ನಂಬಿಕೆಯಿಂದ ತಿಂಗಳುಗಟ್ಟಲೆ ತೆಳುವಾದ ಅಕ್ಕಿ ಗಂಜಿ, ತಿಳಿಸಾರು ಮತ್ತು ಎಳನೀರನ್ನಷ್ಟೇ ಕೊಡಲಾಗುತ್ತದೆ. ಬೇಳೆ ವಾಯು, ಮೊಟ್ಟೆ ಉಷ್ಣ, ಮೊಸರು ಶೀತ, ತುಪ್ಪ ಜಿಡ್ಡು ಎಂದು ಒಂದೊಂದನ್ನೇ ಕೈಬಿಡಲಾಗುತ್ತದೆ. ತೆಳು ಗಂಜಿಯಲ್ಲಿ ಬಹುಪಾಲು ಇರುವುದು ನೀರು. ಹೊಟ್ಟೆಯಲ್ಲಿ ಸ್ಥಳವೇ ಕಡಿಮೆಯಿರುವಾಗ ಆ ಸ್ಥಳವನ್ನು ನೀರಿಗೆ ಬಿಟ್ಟುಕೊಟ್ಟರೆ ರೋಗಿಯು ಹೊಟ್ಟೆ ತುಂಬಿದ ಸ್ಥಿತಿಯಲ್ಲಿಯೇ ಸೊರಗುತ್ತಾನೆ. ಗಾಯ ಮಾಯುವುದು ತಡವಾಗುತ್ತದೆ, ಸೋಂಕು ತಗಲುತ್ತದೆ. ಕ್ಯಾನ್ಸರ್ ರೋಗಿಗಳಲ್ಲಿ ದೇಹ ತಡೆದುಕೊಳ್ಳದ ಕಾರಣ ಮುಂದಿನ ಕೀಮೋಥೆರಪಿಯನ್ನು ಮುಂದೂಡಬೇಕಾಗಿಯೋ, ಅರ್ಧಕ್ಕೆ ನಿಲ್ಲಿಸಬೇಕಾಗಿಯೋ ಬರುತ್ತದೆ. ಪಥ್ಯವೆಂದರೆ ಬಿಡುವುದಷ್ಟೇ ಅಲ್ಲ. ಬೇಕಾದುದನ್ನು ಬೇಕಾದ ರೂಪದಲ್ಲಿ ಕೊಡುವುದೂ ಪಥ್ಯವೇ.

ಗಂಜಿಯನ್ನು ಬಿಡಬೇಕಾಗಿಲ್ಲ, ಅದನ್ನು ಗಟ್ಟಿಗೊಳಿಸಬೇಕು. ಅಕ್ಕಿಯೊಂದಿಗೆ ಹೆಸರುಬೇಳೆಯನ್ನು ಸೇರಿಸಿ ಚೆನ್ನಾಗಿ ಬೇಯಿಸಿ ಮಸೆದು, ಒಂದು ಚಮಚ ತುಪ್ಪ ಹಾಕಬಹುದು. ನುಣ್ಣಗೆ ಪುಡಿ ಮಾಡಿದ ಹುರಿಗಡಲೆ ಅಥವಾ ಹುರಿದ ಕಡಲೆಕಾಯಿಯ ಹಿಟ್ಟನ್ನು ಗಂಜಿಗೆ, ಅಂಬಲಿಗೆ, ಸಾರಿಗೆ ಬೆರೆಸಬಹುದು. ಸಕ್ಕರೆ ಬೆರೆಸದ ಹಾಲಿನ ಪುಡಿಯೂ ಆಗಬಹುದು. ಮೆತ್ತನೆಯ ಇಡ್ಲಿಯನ್ನು ತೊವ್ವೆಯಲ್ಲಿ ಕಿವುಚಿ ಕೊಡಬಹುದು. ಮೊಸರನ್ನ, ನೆನೆಸಿದ ತೆಳು ಅವಲಕ್ಕಿ ಮೊಸರಿನೊಂದಿಗೆ, ಬೇಯಿಸಿ ಕಿವುಚಿದ ಮೊಟ್ಟೆ, ಮುಳ್ಳು ತೆಗೆದು ಹಬೆಯಲ್ಲಿ ಬೇಯಿಸಿದ ಮೀನು, ಬೇಯಿಸಿ ಕಿವುಚಿದ ಸಿಹಿಗುಂಬಳ, ಸೋರೆಕಾಯಿ, ಕ್ಯಾರೆಟ್ ಇವೆಲ್ಲವೂ ಸೂಕ್ತ. ಕರಾವಳಿಯವರು ಕುಚ್ಚಲಕ್ಕಿ ಗಂಜಿಯನ್ನು ಹೆಚ್ಚು ಬೇಯಿಸಿ ಮಸೆದು ಬಳಸಬೇಕು, ಏಕೆಂದರೆ ಅದರ ಅಗುಳು ಬೇಗ ಕರಗುವುದಿಲ್ಲ.

ಮುದ್ದೆ ಮತ್ತು ರೊಟ್ಟಿಯ ವಿಷಯ ಬೇರೆಯೇ. ರಾಗಿಯು ಉತ್ತಮ ಧಾನ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಆದರೆ ಮುದ್ದೆಯನ್ನು ಅಗಿಯದೆ ಸಾರಿನಲ್ಲಿ ಅದ್ದಿ ನುಂಗುವುದು ನಮ್ಮ ರೂಢಿ. ಹೊಸದಾಗಿ ಹೊಲಿದ ಅನ್ನನಾಳದಲ್ಲಿ ಅಂತಹ ಅಂಟಾದ ಉಂಡೆ ಸಿಕ್ಕಿಹಾಕಿಕೊಳ್ಳುವ ಸಂಭವವಿದೆ. ಬಾಲ್ಯದಿಂದ ಮುದ್ದೆ ನುಂಗಿ ಅಭ್ಯಾಸವಾದವರಿಗೆ ಅದನ್ನು ಅಗಿದು ತಿನ್ನುವಂತೆ ಹೇಳಿದರೂ ನಾಲಿಗೆ ಕೇಳುವುದಿಲ್ಲ. ಆದುದರಿಂದ ವೈದ್ಯರು ಒಪ್ಪಿಗೆ ನೀಡುವವರೆಗೆ ರಾಗಿಯನ್ನು ಗಂಜಿ ಅಥವಾ ಅಂಬಲಿಯ ರೂಪದಲ್ಲಿಯೇ ಸೇವಿಸತಕ್ಕದ್ದು. ಉತ್ತರ ಕರ್ನಾಟಕದ ಕಟಕಲು ಜೋಳದ ರೊಟ್ಟಿಯೂ ಹೀಗೆಯೇ. ಅದರ ಬದಲು ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಮಜ್ಜಿಗೆಯೊಂದಿಗೆ ಕೊಡಬಹುದು. ಕೆಲವು ವಾರಗಳ ನಂತರ ಬಿಸಿ ರೊಟ್ಟಿಯನ್ನು ಮುರಿದು ಬೇಳೆಯಲ್ಲಿ ಪೂರ್ತಿ ನೆನೆಸಿ ಕೊಡಬಹುದು.

ನಾರು ಹೆಚ್ಚಿರುವ ಪದಾರ್ಥಗಳನ್ನು ಪ್ರಾರಂಭದ ತಿಂಗಳುಗಳಲ್ಲಿ ದೂರವಿಡಬೇಕು. ನುಗ್ಗೆಕಾಯಿಯ ಸಿಪ್ಪೆ, ಬಾಳೆದಿಂಡು, ಹಲಸಿನ ತೊಳೆ, ಕಿತ್ತಳೆಯ ಬಿಳಿ ನಾರು, ಹಸಿ ಕೋಸಂಬರಿ, ಒಣ ಕೊಬ್ಬರಿಯ ಚೂರು ಇವು ಉಳಿದಿರುವ ಜಠರದಲ್ಲಿ ಗಂಟಾಗಿ ಸೇರಿಕೊಂಡು ದಾರಿ ಮುಚ್ಚಬಹುದು. ಖಾರ, ಉಪ್ಪಿನಕಾಯಿ ಹಾಗೂ ಕರಿದ ತಿಂಡಿಗಳನ್ನು ಮಿತಗೊಳಿಸಬೇಕು. ಆದರೆ ಬಾಯಿ ರುಚಿ ಸತ್ತಿರುವ ರೋಗಿಗೆ ಒಂದು ಹನಿ ನಿಂಬೆರಸ, ಚಿಟಿಕೆ ಜೀರಿಗೆ ಪುಡಿ ಹಾಕುವುದರಿಂದ ಹಾನಿಯಿಲ್ಲ.

ಎಷ್ಟು ಪ್ರೋಟೀನು ಬೇಕು

ಗುಣಮುಖರಾಗುವ ಅವಧಿಯಲ್ಲಿ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನು ಬೇಕಾಗುತ್ತದೆ. ಅಂದರೆ 50 ಕಿಲೋ ತೂಕದವರಿಗೆ 60ರಿಂದ 75 ಗ್ರಾಂ. ದುಬಾರಿ ಡಬ್ಬಿಯ ಪುಡಿಗಳಿಲ್ಲದೆಯೂ ಇದನ್ನು ಪೂರೈಸಬಹುದು. ಎರಡು ಮೊಟ್ಟೆಗಳಿಂದ ಸುಮಾರು 12 ಗ್ರಾಂ, ದಿನವಿಡೀ ಸೇರಿ 400 ಮಿಲಿಲೀಟರ್ ಹಾಲು ಅಥವಾ ಮೊಸರಿನಿಂದ 13 ಗ್ರಾಂ, 75 ಗ್ರಾಂ ಬೇಳೆಯಿಂದ 17 ಗ್ರಾಂ, 30 ಗ್ರಾಂ ಕಡಲೆಕಾಯಿ ಹಿಟ್ಟಿನಿಂದ 7 ಗ್ರಾಂ, 200 ಗ್ರಾಂ ಅಕ್ಕಿ ಮತ್ತು ರಾಗಿಯಿಂದ 14 ಗ್ರಾಂ ದೊರೆಯುತ್ತದೆ. ಮೊಟ್ಟೆ ತಿನ್ನದವರು ಪನೀರನ್ನು ಪುಡಿ ಮಾಡಿ ಸೇರಿಸಿಕೊಳ್ಳಬಹುದು. ಮೂತ್ರಪಿಂಡದ ಕಾಯಿಲೆಯಿರುವವರು ಮಾತ್ರ ಈ ಲೆಕ್ಕವನ್ನು ವೈದ್ಯರಿಂದಲೇ ಪಡೆಯತಕ್ಕದ್ದು.

ಜಠರದ ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ ಹಾಲು ಒಗ್ಗುವುದಿಲ್ಲ. ಹೊಟ್ಟೆ ಉಬ್ಬರ, ಭೇದಿ ಆಗುತ್ತದೆ. ಅಂತಹವರಿಗೆ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ.

ಊಟವಾದೊಡನೆ ಬೆವರು, ಎದೆಬಡಿತ

ಊಟವಾದ 10ರಿಂದ 30 ನಿಮಿಷಗಳಲ್ಲಿ ಬೆವರು, ಎದೆ ಹೊಡೆದುಕೊಳ್ಳುವುದು, ಹೊಟ್ಟೆ ನುಲಿತ, ತಲೆಸುತ್ತು, ಭೇದಿ ಕಾಣಿಸಿಕೊಂಡರೆ ಗಾಬರಿಪಡಬೇಕಾಗಿಲ್ಲ. ಪಿತ್ತವೆಂದೋ, ದೃಷ್ಟಿ ತಗಲಿತೆಂದೋ ಭಾವಿಸುವುದೂ ಬೇಡ. ಆಹಾರವು ತಡೆಯಿಲ್ಲದೆ ಒಮ್ಮೆಲೇ ಕರುಳಿಗೆ ಸುರಿದಾಗ ಹೀಗಾಗುತ್ತದೆ. ಇದನ್ನು ವೈದ್ಯರು ಡಂಪಿಂಗ್ ಎನ್ನುತ್ತಾರೆ. ಇನ್ನು ಕೆಲವರಲ್ಲಿ ಊಟದ ಒಂದರಿಂದ ಮೂರು ಗಂಟೆಗಳ ನಂತರ ನಡುಕ, ತಣ್ಣನೆಯ ಬೆವರು, ಕಣ್ಣು ಕತ್ತಲಿಡುವುದು ಆಗುತ್ತದೆ. ಸಕ್ಕರೆಯು ಬೇಗನೆ ರಕ್ತಕ್ಕೆ ಸೇರಿ, ಅದಕ್ಕೆ ಪ್ರತಿಯಾಗಿ ಇನ್ಸುಲಿನ್ ಹೆಚ್ಚಾಗಿ ಸ್ರವಿಸಿ, ರಕ್ತದ ಸಕ್ಕರೆ ಕುಸಿಯುವುದೇ ಇದಕ್ಕೆ ಕಾರಣ. ಆ ಹೊತ್ತಿಗೆ ಎರಡು ಬಿಸ್ಕತ್ತು ತಿಂದು ಕುಳಿತುಕೊಂಡರೆ ಶಮನವಾಗುತ್ತದೆ. ಹೊರಗೆ ಹೋಗುವಾಗ ಜೇಬಿನಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಎರಡಕ್ಕೂ ಪರಿಹಾರ ಒಂದೇ ದಾರಿಯಲ್ಲಿದೆ. ಸಿಹಿ ಮತ್ತು ದ್ರವ ಇವೆರಡನ್ನು ನಿಯಂತ್ರಿಸಬೇಕು. ಆಸ್ಪತ್ರೆಗೆ ನೋಡಲು ಬರುವ ನೆಂಟರಿಷ್ಟರು ಗ್ಲೂಕೋಸ್ ಪುಡಿಯ ಡಬ್ಬಿ, ಹಣ್ಣಿನ ರಸದ ಪೊಟ್ಟಣಗಳನ್ನು ತರುತ್ತಾರೆ. ಈ ರೋಗಿಗಳಿಗೆ ಅವೇ ಹೆಚ್ಚು ತೊಂದರೆ ಕೊಡುವ ಪದಾರ್ಥಗಳು. ಪಾಯಸ, ಕಬ್ಬಿನ ಹಾಲು, ಹೆಚ್ಚು ಬೆಲ್ಲ ಹಾಕಿದ ಪಾನಕ, ತಂಪು ಪಾನೀಯಗಳೂ ಅದೇ ಗುಂಪಿಗೆ ಸೇರುತ್ತವೆ. ಹಬ್ಬದ ದಿನ ಒಂದು ಚೂರು ಹೋಳಿಗೆಯನ್ನು ತುಪ್ಪದೊಂದಿಗೆ, ಇತರ ಆಹಾರದ ನಂತರ ನಿಧಾನವಾಗಿ ತಿಂದರೆ ಅಷ್ಟೇನೂ ಬಾಧಿಸದು.

ಊಟದೊಂದಿಗೆ ನೀರು ಕುಡಿಯಬಾರದು. ಊಟಕ್ಕೆ ಅರ್ಧ ಗಂಟೆ ಮೊದಲು ನಿಲ್ಲಿಸಿ, ಊಟವಾದ ಅರ್ಧದಿಂದ ಒಂದು ಗಂಟೆಯ ನಂತರ ಗುಟುಕು ಗುಟುಕಾಗಿ ಕುಡಿಯತಕ್ಕದ್ದು. ಹಾಗೆಂದು ನೀರನ್ನೇ ಕಡಿಮೆ ಮಾಡಬಾರದು. ದಿನಕ್ಕೆ ಒಟ್ಟು ಒಂದೂವರೆಯಿಂದ ಎರಡು ಲೀಟರ್ ದ್ರವ ದೇಹಕ್ಕೆ ಸೇರಬೇಕು. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನಂತಹ ಕಡೆ ಇದನ್ನು ಮರೆತು ಮೂತ್ರ ಕಡಿಮೆಯಾಗಿ ಆಸ್ಪತ್ರೆ ಸೇರಬೇಕಾಗಬಹುದು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹಳೆಯ ಪ್ರಮಾಣವನ್ನೇ ಮುಂದುವರಿಸುವುದು ಅಪಾಯಕಾರಿ. ಆಹಾರ ಕಡಿಮೆಯಾಗಿರುವುದರಿಂದ ಪ್ರಮಾಣವನ್ನು ವೈದ್ಯರಿಂದ ಪುನಃ ನಿಗದಿಪಡಿಸಿಕೊಳ್ಳಬೇಕು. ಏಕಾದಶಿ, ರಂಜಾನ್ ಮುಂತಾದ ಉಪವಾಸಗಳನ್ನು ಮೊದಲ ವರ್ಷ ಕೈಬಿಡುವುದು ಕ್ಷೇಮ.

ಮಲಗುವ ಕ್ರಮ

ಅನ್ನನಾಳದ ಕೆಳತುದಿಯಲ್ಲಿ ಆಹಾರ ಮೇಲೆ ಬಾರದಂತೆ ತಡೆಯುವ ಸ್ನಾಯುವಿನ ಬಿಗಿಯು ಈ ಶಸ್ತ್ರಚಿಕಿತ್ಸೆಯಲ್ಲಿ ಇಲ್ಲವಾಗುತ್ತದೆ. ಮಲಗಿದಾಗ ಆಹಾರ, ಆಮ್ಲ ಅಥವಾ ಪಿತ್ತರಸ ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯ ಆಗಬಹುದು. ರಾತ್ರಿಯ ಕೊನೆಯ ಆಹಾರಕ್ಕೂ ಮಲಗುವುದಕ್ಕೂ ಎರಡರಿಂದ ಮೂರು ಗಂಟೆಯ ಅಂತರವಿರಲಿ. ಎರಡು ಮೂರು ದಿಂಬು ಇಟ್ಟುಕೊಂಡರೆ ಕತ್ತು ಮಾತ್ರ ಬಾಗಿ ಹೊಟ್ಟೆ ಮಡಚಿಕೊಳ್ಳುತ್ತದೆ, ಅದರಿಂದ ಪ್ರಯೋಜನವಿಲ್ಲ. ಮಂಚದ ತಲೆಭಾಗದ ಎರಡು ಕಾಲುಗಳ ಕೆಳಗೆ ಇಟ್ಟಿಗೆ ಅಥವಾ ಮರದ ತುಂಡುಗಳನ್ನಿಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಬೇಕು. ನೆಲದ ಮೇಲೆ ಮಲಗುವವರು ಬೆನ್ನಿನಿಂದ ತಲೆಯವರೆಗೆ ಇಳಿಜಾರಾಗುವಂತೆ ಹಾಸಿಗೆಯ ಕೆಳಗೆ ಮಡಚಿದ ಕಂಬಳಿಗಳನ್ನು ಹಾಕಿಕೊಳ್ಳಬಹುದು.

ಹೊಟ್ಟೆಯ ಆಹಾರ ನಳಿಕೆ ಇರುವವರಿಗೆ

ಅನ್ನನಾಳದ ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಸಣ್ಣ ಕರುಳಿಗೆ ನೇರವಾಗಿ ಆಹಾರ ಕೊಡುವ ನಳಿಕೆಯನ್ನು ಹೊಟ್ಟೆಯ ಮೂಲಕ ಇಟ್ಟು ಮನೆಗೆ ಕಳುಹಿಸುವುದುಂಟು. ಬಾಯಿಂದ ಸಾಕಷ್ಟು ತಿನ್ನಲಾರಂಭಿಸುವವರೆಗೆ ಅದೇ ಆಸರೆ. ಪ್ರತಿ ಬಾರಿ ಆಹಾರ ಕೊಡುವ ಮೊದಲು ಮತ್ತು ನಂತರ 20ರಿಂದ 30 ಮಿಲಿಲೀಟರ್ ಕುದಿಸಿ ಆರಿಸಿದ ನೀರನ್ನು ಹಾಯಿಸಬೇಕು. ಆಸ್ಪತ್ರೆಯವರು ಬರೆದುಕೊಟ್ಟ ಆಹಾರವನ್ನೇ, ಹೇಳಿದ ವೇಗದಲ್ಲಿ, ರೋಗಿಯನ್ನು ಕೂರಿಸಿ ಅಥವಾ ಒರಗಿಸಿ ಕೊಡತಕ್ಕದ್ದು. ಮನೆಯ ಗಂಜಿಯನ್ನು ಸೋಸದೆ ಹಾಕಿದರೆ ನಳಿಕೆ ಕಟ್ಟಿಕೊಳ್ಳುತ್ತದೆ. ಮಾತ್ರೆಗಳನ್ನು ಕುಟ್ಟಿ ಹಾಕುವ ಮೊದಲು ಕೇಳಬೇಕು. ಎಲ್ಲ ಮಾತ್ರೆಗಳೂ ಕುಟ್ಟಲು ತಕ್ಕವಲ್ಲ. ನಳಿಕೆ ಕಳಚಿ ಬಂದಲ್ಲಿ ರಂಧ್ರವು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಲಾರಂಭಿಸುವುದರಿಂದ ಬೆಳಗಾಗುವವರೆಗೆ ಕಾಯದೆ, ಕಳಚಿದ ನಳಿಕೆಯೊಂದಿಗೆ ಆಸ್ಪತ್ರೆಗೆ ಹೊರಡಬೇಕು. ಮನೆಯಲ್ಲಿಯೇ ಮರಳಿ ತೂರಿಸುವ ಪ್ರಯತ್ನ ಸಲ್ಲದು.

ವರ್ಷಗಳ ನಂತರ ಬರುವ ಕೊರತೆ

ಬಿ12 ಜೀವಸತ್ವವು ರಕ್ತಕ್ಕೆ ಸೇರಲು ಜಠರದ ಒಳಪದರ ಸ್ರವಿಸುವ ಒಂದು ವಸ್ತು ಅವಶ್ಯಕ. ಸಂಪೂರ್ಣ ಜಠರ ತೆಗೆದವರಲ್ಲಿ ಅದು ಇರುವುದೇ ಇಲ್ಲ. ಯಕೃತ್ತಿನಲ್ಲಿ ಸಂಗ್ರಹವಾಗಿರುವ ಬಿ12 ಕೆಲವು ವರ್ಷಗಳವರೆಗೆ ಸಾಲುತ್ತದೆ. ಆದ್ದರಿಂದಲೇ ಮೋಸ ಹೋಗುವ ಸಂಭವ ಹೆಚ್ಚು. ಚೆನ್ನಾಗಿದ್ದೇನೆಂದು ಇಂಜೆಕ್ಷನ್ ನಿಲ್ಲಿಸಿದವರಿಗೆ ಕೆಲವು ವರ್ಷಗಳ ಬಳಿಕ ಪಾದಗಳಲ್ಲಿ ಜೋಮು, ನಡಿಗೆಯಲ್ಲಿ ತೂರಾಟ, ಮರೆವು, ನಾಲಿಗೆ ಉರಿ, ರಕ್ತಹೀನತೆ ಕಾಣಿಸಿಕೊಳ್ಳುತ್ತದೆ. ನರಗಳಿಗೆ ಆದ ಹಾನಿಯು ತಡವಾದರೆ ಪೂರ್ತಿ ಸರಿಹೋಗದೆ ಉಳಿಯಬಹುದು. ವೈದ್ಯರು ನಿಗದಿಪಡಿಸಿದಂತೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಈ ಇಂಜೆಕ್ಷನ್ ಅನ್ನು ಜೀವನಪರ್ಯಂತ ಪಡೆಯತಕ್ಕದ್ದು. ಊರಿನಿಂದ ದೊಡ್ಡಾಸ್ಪತ್ರೆಗೆ ಪ್ರತಿ ಬಾರಿ ಪ್ರಯಾಣಿಸಲಾಗದವರು ವೈದ್ಯರ ಚೀಟಿಯೊಂದಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಜಠರದ ಭಾಗವನ್ನಷ್ಟೇ ತೆಗೆದವರು ಹಾಗೂ ಅನ್ನನಾಳದ ಶಸ್ತ್ರಚಿಕಿತ್ಸೆಯಾದವರು ರಕ್ತಪರೀಕ್ಷೆಯ ಮೂಲಕ ಪ್ರಮಾಣವನ್ನು ತಿಳಿದುಕೊಳ್ಳಬೇಕು.

ಕಬ್ಬಿಣಾಂಶ, ಕ್ಯಾಲ್ಸಿಯಂ ಹಾಗೂ ವಿಟಮಿನ್ ಡಿ ಸಹ ಕಡಿಮೆಯಾಗುತ್ತವೆ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀಯೊಂದಿಗೆ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ ನುಂಗಬಾರದು. ನಿಂಬೆರಸದ ನೀರಿನೊಂದಿಗೆ ಆಗಬಹುದು. ಮೈಕೈ ನೋವಿಗೆಂದು ಔಷಧಿ ಅಂಗಡಿಯಲ್ಲಿ ಕೇಳಿ ಪಡೆಯುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಮಾತ್ರೆಗಳು ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಬಹುದಾದ್ದರಿಂದ ವೈದ್ಯರನ್ನು ಕೇಳದೆ ಸೇವಿಸಬಾರದು. ತಂಬಾಕು, ಗುಟ್ಕಾ, ಅಡಿಕೆ ಮತ್ತು ಮದ್ಯವನ್ನು ಸಂಪೂರ್ಣವಾಗಿ ತ್ಯಜಿಸತಕ್ಕದ್ದು.

ನುಂಗಲು ಮತ್ತೆ ಕಷ್ಟವಾದರೆ

ಶಸ್ತ್ರಚಿಕಿತ್ಸೆಯ ಕೆಲವು ವಾರ ಅಥವಾ ತಿಂಗಳುಗಳ ನಂತರ ಮತ್ತೆ ಆಹಾರ ಸಿಕ್ಕಿಕೊಳ್ಳಲಾರಂಭಿಸಿದರೆ ಹಲವು ರೋಗಿಗಳು ಕಾಯಿಲೆ ಮರಳಿ ಬಂದಿತೆಂದು ಹೆದರಿ, ಮನೆಯವರಿಗೂ ತಿಳಿಸದೆ, ಗಟ್ಟಿ ಆಹಾರ ಬಿಟ್ಟು ದ್ರವದಲ್ಲಿಯೇ ದಿನ ದೂಡುತ್ತಾರೆ. ಬಹಳಷ್ಟು ಸಂದರ್ಭಗಳಲ್ಲಿ ಇದು ಹೊಲಿಗೆಯ ಜಾಗ ಮಾಯುವಾಗ ಕಿರಿದಾಗಿರುವುದಷ್ಟೇ ಆಗಿರುತ್ತದೆ. ಎಂಡೋಸ್ಕೋಪಿಯ ಮೂಲಕ ಅದನ್ನು ಹಿಗ್ಗಿಸಬಹುದು; ಕೆಲವರಿಗೆ ಹಲವು ಬಾರಿ ಮಾಡಬೇಕಾಗಬಹುದು. ಬೇರೆ ಕಾರಣವಿದ್ದರೂ ಅದೇ ಪರೀಕ್ಷೆಯಿಂದ ಬೇಗ ತಿಳಿಯುತ್ತದೆ. ಮುಚ್ಚಿಡುವುದರಿಂದ ತೂಕ ಇಳಿಯುವುದೊಂದೇ ಫಲ.

ಮೊದಲ ತಿಂಗಳುಗಳಲ್ಲಿ ಸ್ವಲ್ಪ ತೂಕ ಇಳಿಯುವುದು ಸಾಮಾನ್ಯ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ. ವಾರದಿಂದ ವಾರಕ್ಕೆ ಇಳಿಯುತ್ತಲೇ ಹೋದರೆ ಮುಂದಿನ ಭೇಟಿಯ ದಿನಾಂಕದವರೆಗೆ ಕಾಯದೆ ವೈದ್ಯರನ್ನು ಕಾಣತಕ್ಕದ್ದು. ಜ್ವರ, ಎದೆನೋವು, ಉಸಿರಾಟದ ತೊಂದರೆ, ನೀರೂ ಇಳಿಯದಿರುವುದು, ನಿಲ್ಲದ ವಾಂತಿ, ರಕ್ತವಾಂತಿ ಅಥವಾ ಕಪ್ಪು ಮಲ, ಕತ್ತಿನ ಗಾಯದಿಂದ ಆಹಾರ ಅಥವಾ ಜೊಲ್ಲು ಸೋರುವುದು ಇವು ತುರ್ತು ಲಕ್ಷಣಗಳು. ಆಂಬುಲೆನ್ಸ್ ಸೇವೆಗಾಗಿ 108ಕ್ಕೆ ಕರೆ ಮಾಡಬಹುದು.

ಸೇವೆ ಪಡೆಯುವವರ ಗಮನಕ್ಕೆ

2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಪಡಿತರ ಚೀಟಿ ಹೊಂದಿರುವ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪ್ರವೇಶದ ಸಮಯದಲ್ಲಿಯೇ ಆಧಾರ್ ಮತ್ತು ಪಡಿತರ ಚೀಟಿಯನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಗೆ ತೋರಿಸಿ, ಶಸ್ತ್ರಚಿಕಿತ್ಸೆಯ ನಂತರದ ಔಷಧಿ ಮತ್ತು ಭೇಟಿಗಳಲ್ಲಿ ಯಾವುವು ಯೋಜನೆಗೆ ಒಳಪಡುತ್ತವೆಂಬುದನ್ನು ಕೇಳಿ ತಿಳಿದುಕೊಳ್ಳತಕ್ಕದ್ದು.

ಬಿಡುಗಡೆಯ ದಿನ ಅವಸರದಲ್ಲಿ ಹೊರಟುಬಿಡಬಾರದು. ಜಠರದ ಎಷ್ಟು ಭಾಗ ತೆಗೆಯಲಾಗಿದೆ, ಜೋಡಣೆಯು ಕತ್ತಿನಲ್ಲಿದೆಯೇ ಎದೆಯಲ್ಲಿದೆಯೇ, ಮೆದು ಆಹಾರ ಯಾವಾಗಿನಿಂದ, ಬಿ12 ಇಂಜೆಕ್ಷನ್ ಯಾವ ದಿನಾಂಕದಿಂದ, ನಳಿಕೆ ತೆಗೆಯುವುದು ಎಂದು ಎಂಬ ವಿವರಗಳನ್ನು ಬಿಡುಗಡೆ ಪತ್ರದಲ್ಲಿ ಬರೆಸಿಕೊಳ್ಳಬೇಕು. ಅದನ್ನು ಅಡುಗೆ ಮಾಡುವವರ ಸಮ್ಮುಖದಲ್ಲಿ ಓದಿಸಿ ಅರ್ಥಮಾಡಿಕೊಳ್ಳಬೇಕು. ಮೂಲ ಪ್ರತಿಯನ್ನು ಮನೆಯಲ್ಲಿಟ್ಟು, ಜೆರಾಕ್ಸ್ ಪ್ರತಿಯೊಂದನ್ನು ಹೊರಗೆ ಹೋಗುವಾಗಲೆಲ್ಲ ರೋಗಿಯು ತನ್ನೊಡನೆ ಇಟ್ಟುಕೊಂಡಿರತಕ್ಕದ್ದು.